ಎಟಿಎಕ್ಸ್, ಮೈಕ್ರೋ ಎಟಿಎಕ್ಸ್, ಮಿನಿ ಐಟಿಎಕ್ಸ್ ಅಂದರೆ ಏನು? ಕಂಪ್ಯೂಟರ್ ಕೇಸ್, ಪವರ್ ಸಪ್ಲೈ ಕೊಳ್ಳುವಾಗ ಇದನ್ನು ಯಾಕೆ ನೋಡಬೇಕು?

ಇವು ಮುಖ್ಯವಾಗಿ ಮದರ್‌ಬೋರ್ಡಿನ, ಅಂದರೆ ಕಂಪ್ಯೂಟರಿನ ಭಾಗಗಳೆಲ್ಲ ಜೋಡಿಸಿಕೊಳ್ಳುವ ಮುಖ್ಯ ಬೋರ್ಡಿನ ಅಳತೆಗಳು. ವೇಗಕ್ಕೂ ಇದಕ್ಕೂ ಸಂಬಂಧವಿಲ್ಲ. 1995ರಲ್ಲಿ ಇಂಟೆಲ್ ತಂದ ಎಟಿಎಕ್ಸ್ ಬೋರ್ಡು 305 × 244 ಮಿ.ಮೀ. ಮೈಕ್ರೋ ಎಟಿಎಕ್ಸ್ ಗರಿಷ್ಠ 244 × 244, ಮಿನಿ ಐಟಿಎಕ್ಸ್ 170 × 170. ದೊಡ್ಡ ಕೇಸಿನಲ್ಲಿ ಚಿಕ್ಕ ಬೋರ್ಡು ಸಾಮಾನ್ಯವಾಗಿ ಕೂರುತ್ತದೆ, ಚಿಕ್ಕದರಲ್ಲಿ ದೊಡ್ಡದು ಆಗಲ್ಲ ಅಲ್ವಾ. ಬೋರ್ಡನ್ನು ಎತ್ತಿ ಹಿಡಿಯುವ ಹಿತ್ತಾಳೆ ಸ್ಟ್ಯಾಂಡ್‌ಆಫ್‌ಗಳನ್ನು ಮಾತ್ರ ನೋಡಿಕೊಳ್ಳಿ. ಬೋರ್ಡಿನಲ್ಲಿ ತೂತಿಲ್ಲದ ಜಾಗದಲ್ಲಿ ಒಂದು ಉಳಿದರೂ ಶಾರ್ಟ್ ಆಗಬಹುದು.

ಪವರ್ ಸಪ್ಲೈ ಅಂದರೆ ಬರೀ ವ್ಯಾಟ್ ಲೆಕ್ಕ ಅಲ್ಲ. ಚಿಕ್ಕ ಕೇಸುಗಳಿಗೆ ಬಹಳ ಸಲ ಎಸ್‌ಎಫ್‌ಎಕ್ಸ್ ಅನ್ನುವ ಸಣ್ಣ ಅಳತೆಯದೇ ಬೇಕು. ಬೋರ್ಡಿಗೆ ಹೋಗುವುದು ಅಗಲವಾದ 24 ಪಿನ್ ಕನೆಕ್ಟರ್. ಪ್ರೊಸೆಸರ್‌ಗೆ ಇನ್ನೊಂದು 8 ಪಿನ್, ಸಾಮಾನ್ಯವಾಗಿ 4+4 ಆಗಿ ಬಿಡಿಸಬಹುದು. ಗ್ರಾಫಿಕ್ಸ್ ಕಾರ್ಡಿನದ್ದೂ 8 ಪಿನ್ನೇ, ಆದರೆ 6+2. ನೋಡೋಕೆ ಎರಡೂ ಒಂದೇ ಥರ. ಹತ್ತಿರದಿಂದ ನೋಡಿದರೆ 12 ವೋಲ್ಟ್ ಮತ್ತು ಗ್ರೌಂಡ್ ಇರುವ ಸಾಲುಗಳು ಅದಲುಬದಲಾಗಿರುತ್ತವೆ. ಕೂರದಿದ್ದರೆ ಸುಮ್ನೆ ಒತ್ತಬೇಡಿ.

ಪವರ್ ಸಪ್ಲೈ ಮಾಡ್ಯುಲರ್ (ಕೇಬಲ್‌ಗಳನ್ನು ಬಿಚ್ಚಿ ಹಾಕಬಹುದಾದದ್ದು) ಆದರೆ ಅದರ ಜೊತೆ ಬಂದ ಕೇಬಲ್‌ಗಳನ್ನೇ ಬಳಸಿ. ಬೇರೆ ಸಪ್ಲೈನ ಕೇಬಲ್ ಸರಿಯಾಗಿ ಕೂತರೂ ಒಳಗಿನ ತಂತಿಗಳ ಕ್ರಮ ಬೇರೆ ಇರಬಹುದು. ಆಗ ಹಾರ್ಡ್ ಡಿಸ್ಕ್ ಸುಟ್ಟುಹೋಗುವುದೂ ಉಂಟು.