ಮುಂಬೈಯ ನಮ್ಮ ಕನ್ನಡ ಸಂಘಕ್ಕೆ ಹೊಸ ಸಮಿತಿ ಬಂದಿದೆ. ಬ್ಯಾಂಕು ಇನ್ನೂ ಹಳೇ ಕಾರ್ಯದರ್ಶಿಯ ಸಹಿಯನ್ನೇ ಕೇಳುವುದು ಯಾಕೆ?

ಬಹುತೇಕ ನಿಮ್ಮ ಚೇಂಜ್ ರಿಪೋರ್ಟ್, ಅಂದರೆ ಸಮಿತಿ ಬದಲಾಗಿದೆ ಅಂತ ಸರ್ಕಾರಿ ಕಚೇರಿಗೆ ಕೊಡುವ ವರದಿ, ಇನ್ನೂ ಮಂಜೂರಾಗಿಲ್ಲ, ಅದಕ್ಕೆ.

ಮಹಾರಾಷ್ಟ್ರದಲ್ಲಿ ಇಂಥ ಸಂಘಗಳು ಸಾಮಾನ್ಯವಾಗಿ ಎರಡು ಕಡೆ ನೋಂದಣಿಯಾಗಿರುತ್ತವೆ. ಒಂದು 1860ರ ಸೊಸೈಟಿ ಕಾಯ್ದೆಯಡಿ, ಇನ್ನೊಂದು 1950ರ ಪಬ್ಲಿಕ್ ಟ್ರಸ್ಟ್ ಕಾಯ್ದೆಯಡಿ. ಎರಡನೆಯದು ಚಾರಿಟಿ ಕಮಿಷನರ್, ಅಂದರೆ ಟ್ರಸ್ಟುಗಳ ಮೇಲೆ ಕಣ್ಣಿಡುವ ಸರ್ಕಾರಿ ಅಧಿಕಾರಿಯ ಕೈಯಲ್ಲಿದೆ. ಸಂಘದ ಆಸ್ತಿ, ಸಮಿತಿಯವರ ಹೆಸರು ಎಲ್ಲ ಅಲ್ಲಿನ ರಿಜಿಸ್ಟರಿನಲ್ಲಿರುತ್ತವೆ. ಅದರ ನಕಲೇ ಶೆಡ್ಯೂಲ್ ಒನ್. ಬ್ಯಾಂಕಿನವರು ಸಾಮಾನ್ಯವಾಗಿ ನಂಬುವುದು ಈ ಕಾಗದವನ್ನು. ನಿಮ್ಮ ಮಹಾಸಭೆಯ ಚಪ್ಪಾಳೆಯನ್ನಲ್ಲ!

ಹೆಸರು ಬದಲಾದರೆ 90 ದಿನಗಳೊಳಗೆ ಚೇಂಜ್ ರಿಪೋರ್ಟ್ ಕೊಡಬೇಕು. ಜೊತೆಗೆ ಸಭೆಯ ನೋಟಿಸು, ನಡಾವಳಿ, ಹೊಸಬರ ಒಪ್ಪಿಗೆ ಪತ್ರ ಇರಬೇಕು. ಜಾಸ್ತಿ ಎಡವಟ್ಟಾಗುವುದು ನೋಟಿಸಿನಲ್ಲೇ. ಬೈಲಾದಲ್ಲಿ ಇಷ್ಟು ದಿನ ಮೊದಲು ಅಂತ ಇರುತ್ತದೆ, ನಾವು ಸುಮ್ನೆ ವಾಟ್ಸಾಪಿನಲ್ಲಿ ಹಾಕಿ ಬಿಡುತ್ತೇವೆ. ಆಗ ಸೋತವರು ಯಾರಾದರೂ ತಕರಾರು ಹಾಕಿದರೆ ಕೋರ್ಟಿನ ಹಾಗೆ ವಿಚಾರಣೆ ಶುರು. ಅದು ವರ್ಷಗಟ್ಟಲೆ ಎಳೆಯಬಹುದು. ಅಷ್ಟರಲ್ಲಿ ಮುಂದಿನ ಚುನಾವಣೆಯೇ ಬಂದುಬಿಡುತ್ತದೆ.

ಇಷ್ಟು ಬಿಗಿ ಯಾಕೆ ಅಂದರೆ, ಸಂಘದ ಜಾಗ ಸಮಿತಿಯವರ ಸ್ವಂತದ್ದಲ್ಲ ಅಲ್ವಾ? ಅದನ್ನು ಮಾರಲಿಕ್ಕೂ ಕಮಿಷನರ್ ಅನುಮತಿ ಬೇಕು. ಮುಂಬೈಯಲ್ಲಿ ಒಂದು ಸಣ್ಣ ಹಾಲ್‌ಗೂ ಎಷ್ಟು ಬೆಲೆ ಅಂತ ನಿಮಗೇ ಗೊತ್ತು.

ಸದ್ಯಕ್ಕೆ ಚೇಂಜ್ ರಿಪೋರ್ಟ್ ಕೊಟ್ಟ ಸ್ವೀಕೃತಿ ಪ್ರತಿ, ಸಹಿ ಬದಲಾವಣೆಯ ಠರಾವು ಹಿಡಿದುಕೊಂಡು ಬ್ಯಾಂಕಿಗೆ ಹೋಗಿ. ಕೆಲವು ಶಾಖೆಗಳು ಅಷ್ಟಕ್ಕೇ ಒಪ್ಪುತ್ತವೆ.