ಮೂವತ್ತೇಳಕ್ಕೆ ಕೂತುಬಿಟ್ಟವರಿಗೆ

ಕಾಸರಗೋಡಿನ ಪೆರ್ಲ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ನನ್ನದು ಸಹಕಾರಿ ಬ್ಯಾಂಕಿನಲ್ಲಿ ಕೂತು ಮಾಡುವ ಕೆಲಸ. ವಯಸ್ಸು 38. ಎರಡು ತಿಂಗಳ ಹಿಂದೆ ಜಿಮ್ಮಿಗೆ ಸೇರಿದೆ. ಕಳೆದ ಶನಿವಾರ 50 ಬರ್ಪಿ (ಕೂತು, ಕಾಲು ಹಿಂದಕ್ಕೆ ಚಾಚಿ, ಮತ್ತೆ ಏಳುವ ಕಸರತ್ತು) ಮಾಡಬೇಕು ಅಂದರು. 37ಕ್ಕೆ ನೆಲದ ಮೇಲೆ ಕೂತುಬಿಟ್ಟೆ. ಅಳು ಬಂತು. ಕಲಿಸುವ ಹುಡುಗ 'ಒನ್ನು ಕೂಡಿ, ಒನ್ನು ಕೂಡಿ' (ಇನ್ನೊಂದು, ಇನ್ನೊಂದು) ಅಂತ ಮಲಯಾಳದಲ್ಲಿ ಕೂಗುತ್ತಲೇ ಇದ್ದ. ಮನೆಗೆ ಬಂದು 50 ಮುಗಿಸಿದೆ ಅಂತ ಹೇಳಿದೆ. 'ಬೆವರು ಬೇಕಿದ್ದರೆ ತೋಟದಲ್ಲಿ ಸೋಗೆ ಹೊರಬಹುದಿತ್ತು, ದುಡ್ಡು ಯಾಕೆ ಕೊಡುವುದು' ಅಂದರು ಮಾವ. ಇಂಥ ವ್ಯಾಯಾಮ ಬದುಕಿಗೆ ಪಾಠ ಕಲಿಸುತ್ತದೆ ಅಂತಾರೆ. ನಾನು ಕಲಿತದ್ದು ಗೋಡೆ ಹಿಡಿದು ಮೆಟ್ಟಿಲು ಇಳಿಯುವುದನ್ನು ಮಾತ್ರ. ನೀವೇನಂತೀರಿ?"

ಮೊದಲು ಮೆಟ್ಟಿಲಿನ ವಿಷಯ ಮುಗಿಸೋಣ, ಅದು ಸುಲಭ. ನೋವು ಆ ದಿನ ಬರದೆ ಎರಡನೆಯ, ಮೂರನೆಯ ದಿನ ಜೋರಾಯಿತು, ಅಲ್ವಾ? ಲ್ಯಾಕ್ಟಿಕ್ ಆಮ್ಲ ಕಟ್ಟಿಕೊಂಡಿದೆ ಅಂತ ಯಾರಾದರೂ ಹೇಳಿರಬಹುದು. ಅದಲ್ಲ. ಆ ಆಮ್ಲ ಒಂದೆರಡು ಗಂಟೆಯಲ್ಲಿ ಇಳಿದುಹೋಗಿರುತ್ತದೆ. ರೂಢಿಯಿಲ್ಲದ ಕೆಲಸಕ್ಕೆ ಸ್ನಾಯುವಿನ ಎಳೆಗಳು ಅಲ್ಲಲ್ಲಿ ಸಣ್ಣಗೆ ಹರಿದು, ಅದರ ರಿಪೇರಿ ನಡೆಯುವಾಗ ಬರುವ ನೋವು ಇದು. ಇಳಿಯುವಾಗ ತೊಡೆಯ ಸ್ನಾಯು ಮೈಭಾರ ಹೊತ್ತುಕೊಂಡೇ ಹಿಗ್ಗಬೇಕು, ಅದಕ್ಕೇ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಒಂದೆರಡು ವಾರ ಬಿಟ್ಟು ಅದೇ ಕೆಲಸ ಮಾಡಿ ನೋಡಿ, ಇಷ್ಟು ನೋಯುವುದಿಲ್ಲ. ಒಂದು ಮಾತು ಮಾತ್ರ ತಮಾಷೆಯಲ್ಲ. ಮೂತ್ರ ಹಾಲು ಹಾಕದ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಕಷಾಯ ಕುಡಿಯುತ್ತಾ ಕೂರಬೇಡಿ, ಕೂಡಲೇ ಡಾಕ್ಟರ ಹತ್ತಿರ ಹೋಗಿ. ಒಡೆದ ಸ್ನಾಯುವಿನ ಅಂಶ ರಕ್ತಕ್ಕೆ ಸೇರಿ ಕಿಡ್ನಿಗೆ ಪೆಟ್ಟು ಕೊಡಬಹುದು.

ಇನ್ನು ಬರ್ಪಿ. ಇದು ರಾಯಲ್ ಬರ್ಪಿ ಎಂಬ ಅಮೆರಿಕದ ಶರೀರಶಾಸ್ತ್ರಜ್ಞನ ಹೆಸರು. 1930ರ ದಶಕದಲ್ಲಿ ಆತ ಇದನ್ನು ಕಟ್ಟಿದ್ದು ಯಾರನ್ನೂ ಅಳಿಸಲು ಅಲ್ಲ, ಒಬ್ಬರ ಮೈ ಎಷ್ಟು ಗಟ್ಟಿ ಅಂತ ನೋಡಲು. ಕುಕ್ಕರಗಾಲಲ್ಲಿ ಕೂರು, ಕಾಲು ಹಿಂದಕ್ಕೆ ಚಾಚು, ಒಳಗೆ ತಾ, ಎದ್ದು ನಿಲ್ಲು. ಹಾರುವುದೂ ಇಲ್ಲ, ದಂಡ ಹೊಡೆಯುವುದೂ ಇಲ್ಲ. ನಾಲ್ಕೇ ನಾಲ್ಕು ಸಲ ಮಾಡಿಸಿ ಎದೆಬಡಿತ ಲೆಕ್ಕ ಹಾಕುತ್ತಿದ್ದ. ಅಂದರೆ ಅದು ಹುಟ್ಟಿದ್ದೇ ಅಳತೆಗೋಲಾಗಿ.

ಅಳತೆಗೋಲು ಅಂದಾಗ ನನಗೆ ನಮ್ಮ ಸುರಂಗದ ಕೋಲು ನೆನಪಾಗುತ್ತದೆ. ಬಾಯಾರು, ಮಾಣಿಲ, ಎಣ್ಮಕಜೆ ಕಡೆಯವರಿಗೆ ಸುರಂಗ ಏನು ಅಂತ ಹೇಳಬೇಕಾಗಿಲ್ಲ. ಉಳಿದವರಿಗೆ: ಮುರಕಲ್ಲಿನ ಗುಡ್ಡದ ಹೊಟ್ಟೆಗೆ ಅಡ್ಡವಾಗಿ ಅಗೆದ ಬಾವಿ. ಒಬ್ಬ ನಿಂತು ನಡೆಯುವಷ್ಟು ಎತ್ತರ, ಭುಜ ತಾಗುವಷ್ಟು ಅಗಲ. ಬಾಯಿಯ ಕಡೆಗೆ ತುಸು ಇಳಿಜಾರು, ಹಾಗಾಗಿ ಒಳಗಿನ ಒಸರು ಪಂಪಿಲ್ಲದೆ ತಾನೇ ಹರಿದು ಬರುತ್ತದೆ. ಅಗೆದದ್ದಕ್ಕೆ ಕೋಲಿನ ಲೆಕ್ಕ. ಒಂದು ಕೋಲು ಅಂದರೆ ಸುಮಾರು ಎರಡೂವರೆ ಅಡಿ.

ನನಗಾಗ 19. ಮೇ ತಿಂಗಳು, ಕಾಲೇಜಿಗೆ ರಜೆ. ಅಪ್ಪ ಮನೆಯ ಹಿಂದಿನ ಗುಡ್ಡದಲ್ಲಿ ಸುರಂಗ ತೆಗೆಸುತ್ತಿದ್ದರು. ಮಣ್ಣು ಹೊರುವ ಆಳು ಬರಲಿಲ್ಲ, ನನ್ನನ್ನು ಕಳಿಸಿದರು. ಆಗಲೇ 14 ಕೋಲು ಒಳಗೆ ಹೋಗಿತ್ತು. ಅಗೆಯುವವರು ಐವತ್ತು ದಾಟಿದವರು. ಹಿಡಿ ಗಿಡ್ಡ ಮಾಡಿದ ಪಿಕ್ಕಾಸು, ಬೀಸಲು ಜಾಗವಿಲ್ಲದ ಕಡೆ ಒಂದೇ ತಾಳದಲ್ಲಿ ಟಕ್ ಟಕ್. ನಾನು ಮಣ್ಣನ್ನು ಹೆಡಿಗೆಗೆ ತುಂಬಿಸಿ, ಬಗ್ಗಿ ಹೊತ್ತು, ಬಿಸಿಲಿಗೆ ತಂದು ಸುರಿಯಬೇಕು. ಮತ್ತೆ ಕತ್ತಲೆಗೆ. ಹತ್ತನೆಯ ಹೆಡಿಗೆಗೆ ಸೊಂಟ ಕೈಕೊಟ್ಟಿತು. ಇಪ್ಪತ್ತರ ನಂತರ ಅರ್ಧ ಹೆಡಿಗೆ ತುಂಬಿಸತೊಡಗಿದೆ. ಲೆಕ್ಕ ಮಾತ್ರ ಪೂರ್ತಿಯದ್ದು. ಕತ್ತಲೆಯಲ್ಲಿ ಅವರಿಗೆ ಹೇಗೆ ಗೊತ್ತಾಗುತ್ತದೆ?

ಸಂಜೆ ಅಗೆಯುವವರು ಎಷ್ಟು ಹೆಡಿಗೆ ಆಯಿತು ಅಂತ ಕೇಳಿದರು. ಅರುವತ್ತು ಅಂದೆ. ಅವರು ಕೋಲು ಹಿಡಿದು ಒಳಗೆ ಹೋಗಿ ಅಳೆದು ಬಂದರು. "ಮುಕ್ಕಾಲು ಕೋಲು ಹೋಗಿದೆ. ಅಷ್ಟಕ್ಕೆ ನಲವತ್ತೇ ಹೆಡಿಗೆ ಮಣ್ಣು. ಉಳಿದ ಇಪ್ಪತ್ತು ಎಲ್ಲಿಂದ ಬಂತು ಮಾರಾಯ್ರೆ?" ಅಂತ ನಕ್ಕರು. ಬೈಯಲಿಲ್ಲ. ಬೈದಿದ್ದರೆ ಅವತ್ತೇ ಮರೆತುಬಿಡುತ್ತಿದ್ದೆ.

ಮರುದಿನ ಅವರ ಪಕ್ಕದ ಸಣ್ಣ ಗೂಡಿನಲ್ಲಿ ಉರಿಯುತ್ತಿದ್ದ ಮೇಣದಬತ್ತಿಯನ್ನು ಸರಿಯಾಗಿ ನೋಡಿದೆ. ಬೆಳಕಿಗೆ ಇಟ್ಟದ್ದು ಅಂತ ತಿಳಿದಿದ್ದೆ. ಮಧ್ಯಾಹ್ನದ ಹೊತ್ತಿಗೆ ಉರಿ ಸಣ್ಣದಾಯಿತು. ಅವರು ಪಿಕ್ಕಾಸು ಕೆಳಗಿಟ್ಟರು. ಅರ್ಧ ಬಿಡಿಸಿದ ಒಂದು ಕಲ್ಲು ಗೋಡೆಯಲ್ಲಿ ಹಾಗೇ ನೇತಾಡುತ್ತಿತ್ತು. ಅದೊಂದು ತೆಗೆದುಬಿಡಿ ಅಂದೆ. "ನಾಳೆಯೂ ಅಲ್ಲೇ ಇರುತ್ತದೆ" ಅಂತ ನನ್ನನ್ನು ಮುಂದೆ ಮಾಡಿಕೊಂಡು ಹೊರಗೆ ನಡೆದರು. ಗಾಳಿ ಕಡಿಮೆಯಾದದ್ದು ಉರಿಗೆ ಮೊದಲು ಗೊತ್ತಾಗುತ್ತದೆ, ತಲೆಗೆ ಆಮೇಲೆ.

ನಿಮ್ಮ ಜಿಮ್ಮಿನ ಹುಡುಗನಿಗೆ ಈ ಕಥೆ ಹೇಳಿ. ಒನ್ನು ಕೂಡಿ ಅನ್ನುವುದು ತಪ್ಪಲ್ಲ, ಆದರೆ ನಿಮ್ಮ ಉರಿ ನೋಡಿ ಹೇಳಬೇಕು.

ಬೆವರಿನಿಂದ ಬುದ್ಧಿ ಬರುತ್ತದೆ ಅನ್ನುವುದನ್ನು ನಾನು ಪೂರ್ತಿ ನಂಬುವುದಿಲ್ಲ. ಹಾಗಿದ್ದರೆ ಅಷ್ಟು ಮಣ್ಣು ಹೊತ್ತ ನಾನು ಇಷ್ಟು ಹೊತ್ತಿಗೆ ಋಷಿಯಾಗಬೇಕಿತ್ತು. ನೀವು 37ಕ್ಕೆ ಕೂತದ್ದೂ ನನಗೆ ತಪ್ಪು ಅನಿಸುವುದಿಲ್ಲ. ಮನೆಗೆ ಬಂದು 50 ಅಂದಿರಲ್ಲ, ಅದು ನನ್ನ ಇಪ್ಪತ್ತು ಹೆಡಿಗೆ. ಸಂಜೆ ಕ್ಯಾಶ್ ಟ್ಯಾಲಿಯಾಗದೆ ಬ್ಯಾಂಕಿನಲ್ಲಿ ಮನೆಗೆ ಬಿಡುವುದಿಲ್ಲ, ಅಲ್ವಾ? 37 ಅಂತ ಗೊತ್ತಿದ್ದರೆ ಮುಂದಿನ ವಾರ 38 ಅಥವಾ 40 ಮಾಡುವ ಯೋಚನೆ ಮಾಡಬಹುದು. 50 ಅಂತ ಬರೆದುಕೊಂಡರೆ ಎಲ್ಲಿಂದ ಶುರು ಮಾಡುತ್ತೀರಿ?

ಗಡಿಯಾಚೆ ದಕ್ಷಿಣ ಕನ್ನಡದ ಅಡ್ಯನಡ್ಕದ ಹತ್ತಿರದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತು. ಹಗಲು ಅಡಿಕೆ, ತೆಂಗಿನ ಮರ ಹತ್ತುವ ಕೂಲಿ, ಅದು ಮುಗಿದ ಮೇಲೆ ತಮ್ಮ ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಅಗೆತ. ಒಂದರ ಹಿಂದೆ ಒಂದು ಸುರಂಗ ಒಣಗಿದ್ದೇ ಬಂತು. ಛಲ ಬಿಡಲಿಲ್ಲ ಅಂತ ಎಲ್ಲರೂ ಅವರ ಕಥೆ ಹೇಳುತ್ತಾರೆ. ನಿಜವೇ. ಆದರೆ ನೀರಿಲ್ಲದ ಸುರಂಗವನ್ನು ಅವರು ಬಿಟ್ಟದ್ದೂ ಅಷ್ಟೇ ನಿಜ. ಬಿಡದೆ ಒಂದನ್ನೇ ಅಗೆಯುತ್ತಾ ಹೋಗಿದ್ದರೆ ಇನ್ನೊಂದು ಶುರುವೇ ಆಗುತ್ತಿರಲಿಲ್ಲ.

ಮಾವ ಹೇಳಿದ್ದರಲ್ಲಿ ಅರ್ಧ ಸರಿ. ಸೋಗೆ ಹೊತ್ತರೂ ಬೆವರು ಬರುತ್ತದೆ. ಆದರೆ ಅದು ತೋಟದ ಕೆಲಸ, ಜಿಮ್ಮಿನ ಒಂದು ಗಂಟೆ ನಿಮ್ಮದು. ಅದಕ್ಕೆ ದುಡ್ಡು ಕೊಟ್ಟರೆ ದಂಡವೇನೂ ಅಲ್ಲ.

ನಮ್ಮ ಸುರಂಗ 22 ಕೋಲಿಗೆ ಒದ್ದೆಯಾಯಿತು. ಬೆರಳು ಗಾತ್ರದ ನೀರು, ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಅಂಗಳಕ್ಕೆ ಬಂತು. ಅಷ್ಟು ಹೊತ್ತಿಗೆ ನಾನು ಕಾಲೇಜಿಗೆ ಮರಳಿದ್ದೆ.

ಮುಂದಿನ ಪತ್ರದಲ್ಲಿ ಎಷ್ಟಾಯಿತು ಅಂತ ಬರೆಯಿರಿ. 40 ಆದರೆ 40, ಕಾಲು ಹಿಡಿದುಕೊಂಡು 31ಕ್ಕೆ ನಿಂತರೆ 31. ಮಾವನಿಗೂ ಅದನ್ನೇ ಹೇಳಿ.

— ಸಂಪಾದಕ