ಪಿಟ್ಸ್‌ಬರ್ಗ್ ಹತ್ರ ಮನೆ ನೋಡ್ತಿದೀವಿ, ಒಂದು ಮೈಲಿ ದೂರದಲ್ಲಿ ಫ್ರ್ಯಾಕಿಂಗ್ ಬಾವಿ ಇದೆ, ಚಿಕ್ಕ ಮಕ್ಕಳಿದಾರೆ. ತಗೋಬಹುದಾ? ಫ್ರ್ಯಾಕಿಂಗ್ ಅಷ್ಟೊಂದು ಕೆಟ್ಟದ್ದಾ?

ನಾನು ಪೆಟ್ರೋಲಿಯಂ ಎಂಜಿನಿಯರ್ ಏನಲ್ಲ, ಸಾಫ್ಟ್‌ವೇರ್‌ನವನೇ, ಆದ್ರೆ ಹನ್ನೊಂದು ವರ್ಷದಿಂದ ಪಿಟ್ಸ್‌ಬರ್ಗ್ ಪಕ್ಕದ ವಾಷಿಂಗ್ಟನ್ ಕೌಂಟಿಯಲ್ಲಿದೀನಿ, ಈ ಪ್ರಶ್ನೆನ ಮನೆ ತಗೊಳ್ಳೋ ಮುಂಚೆ ನಾನೂ ಸಿಕ್ಕಸಿಕ್ಕೋರನ್ನೆಲ್ಲ ಕೇಳಿದ್ದೆ. ಒಬ್ರು ಊರನ್ನ ಉಳಿಸಿದ್ದೇ ಗ್ಯಾಸು ಅಂದ್ರು, ಇನ್ನೊಬ್ರು ನಲ್ಲಿ ನೀರಿಗೆ ಬೆಂಕಿ ಹತ್ತೋ ವಿಡಿಯೋ ಕಳ್ಸಿದ್ರು. ಇಬ್ರೂ ಸುಳ್ಳು ಹೇಳ್ತಿರಲಿಲ್ಲ.

ನಮ್ ಕಡೆ ಬೋರ್ ಬತ್ತಿದಾಗ ಗಾಡಿ ತಂದು ಪ್ರೆಶರಲ್ಲಿ ನೀರು ನುಗ್ಗಿಸಿ ಬಂಡೆ ಬಿರುಕು ಬಿಡಿಸ್ತಾರಲ್ಲ, ಫ್ರ್ಯಾಕಿಂಗ್ ಅದರ ದೊಡ್ಡಣ್ಣ, ಹುಡುಕೋದು ಮಾತ್ರ ನೀರಲ್ಲ, ಕಲ್ಲೊಳಗೆ ಸಿಕ್ಕಿಕೊಂಡಿರೋ ಗ್ಯಾಸು. ಇಲ್ಲಿ ಕೆಳಕ್ಕೆ ಸುಮಾರು 2 ಕಿಲೋಮೀಟರ್ ಕೊರೆದು, ಆಮೇಲೆ ಮಾರ್ಸೆಲಸ್ ಅನ್ನೋ ಶೇಲ್ ಕಲ್ಲಿನ ಪದರದೊಳಗೇ ಅಡ್ಡಡ್ಡ ಇನ್ನೆರಡು ಮೂರು ಕಿಲೋಮೀಟರ್ ಹೋಗ್ತಾರೆ, ನೀರಿನ ಜೊತೆ ಮರಳು, ಒಂದಿಷ್ಟು ಕೆಮಿಕಲ್ ನುಗ್ಗಿಸ್ತಾರೆ, ಬಿರುಕು ಮತ್ತೆ ಮುಚ್ಕೊಳ್ದೆ ಇರ್ಲಿ ಅಂತ ಮರಳು. ಒಂದು ಬಾವಿಗೆ 2 ಕೋಟಿ ಲೀಟರ್ ನೀರು ಅಂದ್ರೂ ಈಗ ಕಮ್ಮಿ ಲೆಕ್ಕವೇ, ಬೆಂಗಳೂರಿನ 12,000 ಲೀಟರ್ ಟ್ಯಾಂಕರ್ ಸಾವಿರದ ಆರುನೂರು ಸಲ ಬಂದಂಗೆ.

ಲಾಭ ಇಲ್ವಾ ಅಂದ್ರೆ ಖಂಡಿತ ಇದೆ. 2005ರಲ್ಲಿ ಅಮೆರಿಕದ ಕರೆಂಟಿನಲ್ಲಿ ಅರ್ಧದಷ್ಟು ಕಲ್ಲಿದ್ದಲಿಂದ ಬರ್ತಿತ್ತು, 2023ಕ್ಕೆ ಅದು ಶೇ 16ರ ಹತ್ರ ಇಳೀತು, ಇಳಿಯೋಕೆ ದೊಡ್ಡ ಕಾರಣ ಅಗ್ಗದ ಗ್ಯಾಸು. ಗ್ಯಾಸ್ ಉರಿಸಿದ್ರೆ ಕಲ್ಲಿದ್ದಲಿನ ಸುಮಾರು ಅರ್ಧದಷ್ಟೇ ಕಾರ್ಬನ್ ಡೈಆಕ್ಸೈಡ್, ಬೂದಿಯಂತೂ ಇಲ್ವೇ ಇಲ್ಲ, ರಾಯಚೂರಿನ ಶಕ್ತಿನಗರದ ಹಾರುಬೂದಿ ನೋಡಿದೋರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಬಿಡಿಸಿ ಹೇಳ್ಬೇಕಿಲ್ಲ. ಇನ್ನೊಂದು, ಇಲ್ಲಿ ನೆಲದಡಿಯ ಹಕ್ಕು ಜಮೀನಿನವರ ಹತ್ರಾನೇ ಇರ್ಬಹುದು, ರಾಯಲ್ಟಿ, ಅಂದ್ರೆ ತೆಗೆದ ಗ್ಯಾಸಲ್ಲಿ ಅವರ ಪಾಲು, ಕಮ್ಮಿ ಅಂದ್ರೂ ಶೇ 12.5 ಅಂತ ಪೆನ್ಸಿಲ್ವೇನಿಯಾದಲ್ಲಿ ಕಾನೂನೇ ಇದೆ. ನನ್ನ ಆಫೀಸಿನವರೊಬ್ರು ಅದರಲ್ಲೇ ಮಗಳ ಕಾಲೇಜ್ ಫೀಸ್ ಕಟ್ಟಿದ್ರು. ಆದ್ರೆ ಮನೆ ಮಾರುವಾಗ ಆ ಹಕ್ಕನ್ನ ಹಳೇ ಮಾಲೀಕ ತನಗೇ ಇಟ್ಕೊಂಡಿರ್ಬಹುದು, ಹಂಗಾದ್ರೆ ದುಡ್ಡು ಅವರಿಗೆ, ರಾತ್ರಿಯೆಲ್ಲ ಲಾರಿ ಸದ್ದು ನಿಮಗೆ. ಪತ್ರದಲ್ಲಿ ಇದನ್ನ ಮೊದ್ಲು ನೋಡಿ.

ಅಪಾಯ ಎಲ್ಲಿದೆ ಅಂದ್ರೆ, ಎಲ್ರೂ ಹೆದರೋ ಜಾಗದಲ್ಲಿ ಅಷ್ಟಾಗಿ ಇಲ್ಲ. 2 ಕಿಲೋಮೀಟರ್ ಕೆಳಗಿನ ಬಿರುಕು ಕುಡಿಯೋ ನೀರಿನವರೆಗೂ ಮೇಲೆ ಬರೋದು ತೀರಾ ಅಪರೂಪ. ಕೈ ಕೊಡೋದು ಕೇಸಿಂಗ್, ಅಂದ್ರೆ ಬಾವಿಗೆ ಇಳಿಸಿದ ಉಕ್ಕಿನ ಪೈಪು, ಮತ್ತೆ ಅದರ ಸುತ್ತ ಹಾಕಿದ ಸಿಮೆಂಟು. ಅದು ಸರಿ ಕೂತಿಲ್ಲ ಅಂದ್ರೆ ಗ್ಯಾಸ್ ಪೈಪಿನ ಹೊರಗಡೆಯಿಂದಾನೇ ಮೇಲೆ ಬರುತ್ತೆ. ಇದೇ ರಾಜ್ಯದ ಈಶಾನ್ಯ ಮೂಲೆಯಲ್ಲಿ ಡಿಮಾಕ್ ಅಂತ ಒಂದು ಸಣ್ಣ ಊರು, ಅಲ್ಲಿ 2009ರ ಜನವರಿ 1ರಂದು ಒಂದು ಮನೆಯ ನೀರಿನ ಬಾವಿ ಸ್ಫೋಟ ಆಯ್ತು, ಮುಂದಿನ ವರ್ಷ ಅದರ ಸುತ್ತಮುತ್ತ ಹೊಸ ಬಾವಿ ಕೊರೆಯೋದನ್ನ ಸರ್ಕಾರ ನಿಲ್ಲಿಸ್ತು, ಕೊನೆಗೆ ಗ್ಯಾಸ್ ಕಂಪನಿ ಕೋರ್ಟಲ್ಲಿ ಇನ್ನು ವಾದ ಮಾಡಲ್ಲ ಅಂತ ಹೇಳಿ ಊರಿಗೆ ನೀರಿನ ಲೈನ್ ಹಾಕೋಕೆ 1.6 ಕೋಟಿ ಡಾಲರ್ ಮೇಲೆ ಕೊಡೋಕೆ ಒಪ್ಪಿದ್ದು 2022ರಲ್ಲಿ. ಹದಿಮೂರು ವರ್ಷ, ಸ್ವಾಮಿ! ಹಂಗಂತ ಇಲ್ಲಿನ ಕೆಲವು ಬಾವಿಗಳಲ್ಲಿ ಫ್ರ್ಯಾಕಿಂಗ್ ಬರೋ ಮುಂಚೆಯಿಂದ್ಲೂ ಮೀಥೇನ್ (ಈ ಗ್ಯಾಸಲ್ಲಿ ಮುಖ್ಯವಾಗಿ ಇರೋದು ಅದೇ) ಇತ್ತು, ಅದೂ ನಿಜ, ಅದಕ್ಕೇ ಕಂಪನಿ-ಮನೆಯವರ ಜಗಳ ಮುಗಿಯೋದೇ ಇಲ್ಲ.

ಇನ್ನೊಂದು ತಲೆನೋವು, ಗ್ಯಾಸಿನ ಜೊತೆ ವಾಪಸ್ ಬರೋ ನೀರು. ಸಮುದ್ರಕ್ಕಿಂತ ಉಪ್ಪು, ಅದರಲ್ಲಿ ರೇಡಿಯಂ ಬೇರೆ. ಪೆನ್ಸಿಲ್ವೇನಿಯಾದ್ದನ್ನ ಲಾರಿಯಲ್ಲಿ ಪಕ್ಕದ ಒಹಾಯೊಗೂ ಒಯ್ದು ಆಳದ ಬಾವಿಗೆ ಇಳಿಸ್ತಾರೆ, ಅಂಥ ಒಂದು ಬಾವಿಯಿಂದ ಯಂಗ್ಸ್‌ಟೌನಲ್ಲಿ 2011ರ ಡಿಸೆಂಬರ್ 31ಕ್ಕೆ 4ರ ಆಸುಪಾಸಿನ ತೀವ್ರತೆಯ ಭೂಕಂಪ ಆಯ್ತು. ಒಕ್ಲಹೋಮದಲ್ಲಂತೂ ವರ್ಷಕ್ಕೆ ಒಂದೋ ಎರಡೋ ಆಗ್ತಿದ್ದ 3ರ ಮೇಲಿನ ಕಂಪನ 2015ರಲ್ಲಿ 900ರ ಹತ್ರ ಹೋಯ್ತು, ಅಲ್ಲೂ ಮುಖ್ಯ ಕಾರಣ ಹೀಗೆ ನೆಲಕ್ಕಿಳಿಸಿದ ನೀರೇ.

ಮೀಥೇನ್ ಸೋರಿಕೆ ವಿಷಯ ಇನ್ನೂ ಕಿರಿಕ್. ಇಪ್ಪತ್ತು ವರ್ಷದ ಲೆಕ್ಕ ಹಿಡಿದ್ರೆ ಅದು ಕಾರ್ಬನ್ ಡೈಆಕ್ಸೈಡಿಗಿಂತ 80 ಪಟ್ಟು ಬಿಸಿ ಹಿಡಿಯುತ್ತೆ. 2018ರ ಒಂದು ದೊಡ್ಡ ಅಧ್ಯಯನದ ಪ್ರಕಾರ ಅಮೆರಿಕದ ಗ್ಯಾಸಲ್ಲಿ ಶೇ 2.3ರಷ್ಟು ಸೋರಿ ಹೋಗ್ತಿತ್ತು, ಸರ್ಕಾರದ ಅಂದಾಜಿಗಿಂತ ಶೇ 60 ಜಾಸ್ತಿ. ಶೇ 3 ದಾಟಿದ್ರೆ ಸದ್ಯಕ್ಕಂತೂ ಕಲ್ಲಿದ್ದಲಿಗಿಂತ ಒಳ್ಳೇದು ಅನ್ನೋ ಮಾತೇ ಅಲ್ಲಾಡುತ್ತೆ. ಇದು ಬರೀ ಅಮೆರಿಕದ ತಾಪತ್ರಯ ಅನ್ಕೋಬೇಡಿ, 2018ರಿಂದ ಭಾರತದ ಸರ್ಕಾರಿ ಗ್ಯಾಸ್ ಕಂಪನಿ ಗೇಲ್ ಅಮೆರಿಕದ ಎಲ್‌ಎನ್‌ಜಿ, ಅಂದ್ರೆ ದ್ರವ ಮಾಡಿದ ಗ್ಯಾಸ್, ತರಿಸ್ತಿದೆ, ಮೊದಲ ಹಡಗು ಬಂದಿದ್ದು ಮಹಾರಾಷ್ಟ್ರದ ದಾಭೋಳ್‌ಗೆ, ದಾಭೋಳ್‌ನಿಂದ ಬೆಂಗಳೂರಿಗೆ ಪೈಪ್‌ಲೈನೇ ಇದೆ.

ಈಗ ನಿಮ್ಮ ಮನೆ ವಿಷಯ. ಪಿಟ್ಸ್‌ಬರ್ಗ್ ಯೂನಿವರ್ಸಿಟಿಯವರು 2023ರಲ್ಲಿ ನಮ್ಮ ಈ ಎಂಟು ಕೌಂಟಿಗಳ ಅಧ್ಯಯನ ಹೊರಗೆ ತಂದ್ರು. ಗ್ಯಾಸ್ ತೆಗೀತಿರೋ ಬಾವಿಗಳ ಹತ್ರ ಇರೋ ಆಸ್ತಮಾದವರಿಗೆ ಕಾಯಿಲೆ ಜೋರಾಗೋ ಸಾಧ್ಯತೆ 4-5 ಪಟ್ಟು, 1 ಮೈಲಿಯೊಳಗಿನ ಮಕ್ಕಳಲ್ಲಿ ಲಿಂಫೋಮಾ ಅನ್ನೋ ಕ್ಯಾನ್ಸರ್ ಬರೋ ಸಾಧ್ಯತೆ 5-7 ಪಟ್ಟು ಅಂತ ಬಂತು, ಲ್ಯುಕೇಮಿಯಾಗೆ (ರಕ್ತದ ಕ್ಯಾನ್ಸರ್) ಮಾತ್ರ ಸಂಬಂಧ ಕಾಣಲಿಲ್ಲ. ಲಿಂಫೋಮಾ ಮೊದಲೇ ಅಪರೂಪದ ಕಾಯಿಲೆ, ಬಾವಿಯಿಂದಾನೇ ಬಂತು ಅಂತ ಇದರಿಂದ ಸಾಬೀತೂ ಆಗಲ್ಲ, ಆದ್ರೂ ಚಿಕ್ಕ ಮಕ್ಕಳಿದ್ರೆ ನಾನಾದ್ರೆ ಆ ಮನೆ ಬಿಟ್ಟು ಸ್ವಲ್ಪ ದೂರ ಹೋಗ್ತಿದ್ದೆ. ಇಲ್ಲ, ಅದೇ ಬೇಕು ಅಂದ್ರೆ ನೀರು ಊರಿನ ಸಪ್ಲೈದಾ ಸ್ವಂತ ಬಾವಿದಾ ಕೇಳಿ. ಸ್ವಂತದ್ದಾದ್ರೆ ಸರ್ಕಾರದ ಮಾನ್ಯತೆ ಇರೋ ಲ್ಯಾಬಲ್ಲಿ ನೀವೇ ಟೆಸ್ಟ್ ಮಾಡಿಸಿ, ಮೀಥೇನ್, ಬೇರಿಯಂ, ಕ್ಲೋರೈಡ್ ಮೂರೂ ಇರ್ಲಿ, ರಿಪೋರ್ಟ್ ಜೋಪಾನವಾಗಿಡಿ. ನಾಳೆ ಹತ್ರದಲ್ಲಿ ಇನ್ನೊಂದು ಬಾವಿ ಕೊರೆದ್ರೆ, ನಿಮ್ಮ ನೀರು ಮುಂಚೆ ಹೆಂಗಿತ್ತು ಅಂತ ತೋರ್ಸೋಕೆ ನಿಮ್ಮ ಕೈಲಿರೋದು ಅದೊಂದೇ ಕಾಗದ.